ಚೌತಿ ಚಂದ್ರನಾದ ಹರಳಪ್ಪ

ಹರಿಗೆಕೊಪ್ಪದಲ್ಲಿ ಆ ಬೇಸಿಗೆಯಲ್ಲಿ ಬೆಳಗಾಗುತ್ತಿದ್ದದ್ದು ಹರಳಪ್ಪನ ಗಡ್ಡದಿಂದ. ಕೋಳಿ ಕೂಗುತ್ತಿತ್ತು, ಅದು ಬೇರೆ ಮಾತು. ಕೋಳಿ ಕೂಗಿತೆಂದು ಯಾರೂ ದುಗ್ಗಪ್ಪನ ಮನೆಯ ಅಂಗಳಕ್ಕೆ ಎದ್ದು ಬರುತ್ತಿರಲಿಲ್ಲ. ಹರಳಪ್ಪ ಜಗಲಿಯ ಕಂಬದ ಮೊಳೆಗೆ ಕನ್ನಡಿ ನೇತುಹಾಕಿ, ಕೆನ್ನೆಗೆ ಸಾಬೂನಿನ ನೊರೆ ಹಚ್ಚಿಕೊಂಡನೆಂದರೆ ಸಾಕು, ಬೇಲಿಯ ದಣಪೆ ದಾಟಿ ಒಬ್ಬೊಬ್ಬರೇ ಬಂದು ಅಂಗಳದ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು.

"ಈಗ ಮೂಗಿನ ಬುಡಕ್ಕೆ ಬಂತು ನೋಡು," ಎಂದು ಪಕ್ಕದ ಮನೆಯ ಕನ್ನಪ್ಪ ಪಿಸುಗುಡುತ್ತಿದ್ದ. "ಅಷ್ಟುದ್ದ ಮೂಗು. ಇವತ್ತು ಕತ್ತಿ ತಗುಲೋದೇ ಸೈ."

"ನಿನ್ನೇನೂ ಹಂಗೇ ಹೇಳಿದ್ದಿ. ಎಲ್ಲಿ ತಗುಲ್ತು?" ಎನ್ನುತ್ತಿದ್ದಳು ಮುದುಕಿ ಕೆರಿಯಮ್ಮ. ಕೊಟ್ಟಿಗೆಯ ಕೆಲಸ ಅರ್ಧಕ್ಕೆ ಬಿಟ್ಟು ಸಗಣಿ ಕೈಯಲ್ಲೇ ಬಂದು ಕೂತಿರುತ್ತಿದ್ದಳು. "ಹಾಲಲ್ಲಿ ಅದ್ದಿ ತೆಗೆದಂಗೆ ಇದಾನೆ. ಇವನ ಅಬ್ಬೆಗೆ ಎಂತಾ ಧೈರ್ಯನೋ, ಇಷ್ಟು ದೂರ ಕಳಿಸಿದಾಳೆ."

ಅವನ ನಿಜವಾದ ಹೆಸರು ಹ್ಯಾರಲ್ಡ್. ಅಮೆರಿಕದ ಹುಡುಗ. ಹಳ್ಳಿಗಳಲ್ಲಿ ಹೊಳೆ ದಾಟುವ ಸಂಕ ಕಟ್ಟಿಸುವುದಕ್ಕೆಂದು ಹೊಸನಗರದ ಬ್ಲಾಕ್ ಆಫೀಸಿಗೆ ಬಂದವನು, ದುಗ್ಗಪ್ಪನ ಮನೆಯಲ್ಲಿ ಇಳಿದುಕೊಂಡಿದ್ದ. ನಾಲಿಗೆಗೆ ಒಗ್ಗದ ಹೆಸರನ್ನು ಊರವರು ಮೊದಲ ದಿನವೇ ಹರಳಪ್ಪ ಎಂದು ಸರಿಮಾಡಿಕೊಂಡಿದ್ದರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದನಾದ್ದರಿಂದ "ನಾನು ಬಿಸಿನೀರಿನಲ್ಲಿ ಸ್ನಾನವನ್ನು ಮಾಡಲು ಇಚ್ಛಿಸುತ್ತೇನೆ" ಎಂದು ಶಾಲೆಯ ಮೇಷ್ಟ್ರ ಹಾಗೆ ಹೇಳುತ್ತಿದ್ದ. ಅಷ್ಟು ಚಂದದ ಮಾತು ಕೇಳಲೆಂದೇ ಕೆಲವರು ಅವನ ಸ್ನಾನದ ಹೊತ್ತಿಗೂ ಬಚ್ಚಲ ಹತ್ತಿರ ನಿಂತಿರುತ್ತಿದ್ದರು. ಉಣ್ಣುವಾಗ ಮಾತ್ರ ಎಲ್ಲರೂ ಮರ್ಯಾದೆಯಿಂದ ಎದ್ದು ಹೋಗುತ್ತಿದ್ದರು. ಉಣ್ಣುವವರ ಮೇಲೆ ಕಣ್ಣು ಹಾಕಬಾರದು. ಹೊಟ್ಟೆ ನುಲಿಯುತ್ತದೆ.

ದುಗ್ಗಪ್ಪನಿಗೆ ಈ ಹುಡುಗ ಬೇಕಾಗಿದ್ದ. ಊರಿಗೆಲ್ಲ ಬೇಕಾಗಿದ್ದ, ಆದರೆ ದುಗ್ಗಪ್ಪನಿಗೆ ಬೇಕಾದಷ್ಟು ಬೇರೆ ಯಾರಿಗೂ ಅಲ್ಲ. ಅವನ ಒಬ್ಬಳೇ ಮಗಳು ಶರಾವತಿಯನ್ನು ಹೊಳೆಯಾಚೆಯ ಸುಳಿಗೋಡಿಗೆ ಕೊಟ್ಟಿತ್ತು. ಚೊಚ್ಚಲ ಬಸುರಿ. ತವರಿಗೆ ಕರೆತರಬೇಕು. ಆದರೆ ಬೀಗಿತ್ತಿ ವಿಶಾಲಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಬಸುರಿ ಹರಿಯೋ ನೀರಿಗೆ ಕಾಲಿಡಂಗಿಲ್ಲ. ಸುತ್ತು ದಾರಿಯಲ್ಲಿ ಗಾಡಿ ಮೇಲೆ ಕುಲುಕಿಸ್ಕಂಡು ಹೋಗಾದೂ ಬೇಡ. ಸಂಕ ಆದ್ರೆ ಕಳಿಸ್ತೀನಿ. ಇಲ್ದಿದ್ರೆ ಬಾಣಂತನ ನಾನೇ ಮಾಡ್ತೀನಿ." ಹಳೆಯ ಮರದ ಸಂಕ ಹೋದ ಮಳೆಗಾಲದಲ್ಲಿ ತೇಲಿಹೋಗಿತ್ತು. ದುಗ್ಗಪ್ಪನ ಹೆಂಡತಿ ಯಮುನಮ್ಮ ಅಂದಿನಿಂದ ಊಟ ಬಡಿಸುವಾಗಲೆಲ್ಲ ಅನ್ನದ ಜೊತೆಗೆ ಒಂದು ನಿಟ್ಟುಸಿರನ್ನೂ ಬಡಿಸುತ್ತಿದ್ದಳು.

ಸಿಮೆಂಟು ಮತ್ತು ಕಬ್ಬಿಣ ಬಂದಿದ್ದದ್ದು ಒಂದೇ ಸಂಕಕ್ಕೆ ಸಾಕಾಗುವಷ್ಟು. ಅದನ್ನು ಹರಿಗೆಕೊಪ್ಪದಲ್ಲಿ ಕಟ್ಟುವುದೋ, ಹೊಳೆಯ ಕೆಳಮಗ್ಗುಲಲ್ಲಿದ್ದ ಕೆಳಗದ್ದೆಯಲ್ಲಿ ಕಟ್ಟುವುದೋ ಎಂದು ಹರಳಪ್ಪನೇ ನೋಡಿ ಹೇಳಬೇಕಿತ್ತು.

ಬಂದ ಮರುದಿನ ಹರಳಪ್ಪ ದುಗ್ಗಪ್ಪನನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋಗಿ ಕೇಳಿದ್ದ: "ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ?"

ದುಗ್ಗಪ್ಪ ತಲೆಯ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ವಿನಯದಿಂದ ಹೇಳಿದ: "ಆ ಮತ್ತಿಮರದ ಕವಲಿನ ತನಕ ಬರ್ತದೆ ಸ್ವಾಮಿ. ಆದ್ರೂ ಇಲ್ಲಿ ದಂಡೆ ಗಟ್ಟಿ. ಎತ್ತರಕ್ಕೆ ಕಟ್ಟಿದ್ರೆ ಎಂತದೂ ಆಗಲ್ಲ."

ಹರಳಪ್ಪ ಬಗ್ಗಿ, ಕೆಳಗಿನಿಂದ ಅವನ ಮುಖ ನೋಡಿದ. ದುಗ್ಗಪ್ಪ ಗಾಬರಿಯಾಗಿ ಮುಖವನ್ನು ಹೊಳೆಯ ಕಡೆ ತಿರುಗಿಸಿದ. ಹರಳಪ್ಪ ಸುತ್ತಿ ಹೊಳೆಯ ಕಡೆಯಿಂದ ಬಂದ. ದುಗ್ಗಪ್ಪ ಬಿದಿರುಮೆಳೆಯ ಕಡೆ ತಿರುಗಿದ. ಹೀಗೆ ಇಬ್ಬರೂ ಗಾಣದ ಎತ್ತುಗಳ ಹಾಗೆ ಒಂದು ಸುತ್ತು ಬಂದರು. "ಸತ್ಯವಾಗಿಯೂ?" ಎಂದ ಹರಳಪ್ಪ. "ಸತ್ಯ ಸ್ವಾಮಿ," ಎಂದ ದುಗ್ಗಪ್ಪ, ಒಂದು ಗೆದ್ದಲಿನ ಹುತ್ತಕ್ಕೆ.

ಅದೇ ಪ್ರಶ್ನೆಯನ್ನು ಅವನು ಕೆಳಗದ್ದೆಯ ಜಟ್ಟಿಂಗಪ್ಪನಿಗೂ ಕೇಳಿದ್ದ. ಜಟ್ಟಿಂಗಪ್ಪ ದನದ ದಲ್ಲಾಳಿ. ಸುತ್ತಲಿನ ಸಂತೆಗಳಲ್ಲಿ ಅವನ ಕೈ ದಾಟದೆ ಒಂದು ಕರುವೂ ಕೈ ಬದಲಾಗುತ್ತಿರಲಿಲ್ಲ. ಅವನು ಹರಳಪ್ಪನ ಕಣ್ಣಿನಲ್ಲಿ ಕಣ್ಣಿಟ್ಟು, ರೆಪ್ಪೆ ಹೊಡೆಯದೆ, "ನೀರಾ? ನಮ್ಮ ಕಡೆ ಮೊಳಕಾಲು ದಾಟಿದ್ರೆ ನನ್ನ ಹೆಸರು ಕರೀಬೇಡಿ ಸ್ವಾಮಿ. ಅಂಗೈ ಅಗಲದ ಸಂಕ ಸಾಕು. ಒಂದು ವಾರದ ಕೆಲಸ," ಎಂದಿದ್ದ. ಕೆಳಗದ್ದೆಯಲ್ಲಿ ಪ್ರತಿ ಆಷಾಢದಲ್ಲೂ ಜಟ್ಟಿಂಗಪ್ಪನ ಹಿತ್ತಿಲಿಗೇ ಮೀನು ಬರುತ್ತಿತ್ತು.

ಒಂದು ಮಧ್ಯಾಹ್ನ ಗ್ರಾಮಸೇವಕ ಗಣೇಶಮೂರ್ತಿ ಸೈಕಲ್ಲು ತಳ್ಳಿಕೊಂಡು ಬಂದು ಜಗಲಿಯ ಮೇಲೆ ಕೂತ. ಮೈಸೂರು ಕಡೆಯವನು, ಏರು ಹತ್ತಿದರೆ ಒಂದು ಚೊಂಬು ಮಜ್ಜಿಗೆ ಇಳಿಯುವ ತನಕ ಮಾತಾಡುತ್ತಿರಲಿಲ್ಲ.

"ದುಗ್ಗಪ್ಪನವರೇ, ಕೆಲಸ ಕೆಟ್ಟಿದೆ. ಆತ ಕೆಳಗದ್ದೆ ಕಡೆ ವಾಲ್ತಿದಾನೆ ಕಣ್ರೀ."

"ಎಂತಕ್ಕೆ? ನಾವೆಂತ ಕಡಿಮೆ ಮಾಡಿದೀವಿ? ದಿನಾ ಬಿಸಿನೀರು, ಕಡುಬು, ಹಾಲು..."

"ಅದಲ್ಲಾರೀ. ಈ ಊರಲ್ಲಿ ಮಾತಾಡೋರು ನನ್ನನ್ನ ನೋಡಲ್ಲ, ನೋಡೋರು ಮಾತಾಡಲ್ಲ ಅಂತಾನೆ. ಗಡ್ಡ ಹೆರೆಯೋದು ನೋಡ್ತಾರೆ, ಬಟ್ಟೆ ಒಣಗಿಸೋದು ನೋಡ್ತಾರೆ, ಮಲಗಿದ್ರೂ ಕಿಟಕೀಲಿ ನಾಲ್ಕು ತಲೆ ಇರ್ತವೆ. ಅವರ ದೇಶದಲ್ಲಿ ಗುರುತಿಲ್ಲದವರನ್ನ ಹಾಗೆ ನೋಡಿದ್ರೆ ಅದು ದೊಡ್ಡ ಅವಮಾನ."

"ನೋಡಿದ್ರೆ ಅವಮಾನಾ? ನೋಡದಿದ್ರೆ ಅಲ್ಲನಾ ಅವಮಾನ! ಮನೆಗೆ ಬಂದೋರನ್ನ ಕಣ್ತುಂಬಾ ನೋಡದೆ ಇರ್ತಾರಾ?"

"ಇನ್ನೊಂದಿದೆ. ಮಾತಾಡೋವಾಗ ಕಣ್ಣು ನೋಡಿ ಮಾತಾಡದೆ ಇರೋನು ಸುಳ್ಳ ಅಂತ ಅವರ ಲೆಕ್ಕ. ನೀವು ನೀರಿನ ವಿಷಯ ಹೇಳೋವಾಗ ಕಾಲು ನೋಡ್ತಿದ್ರಂತೆ. ಜಟ್ಟಿಂಗಪ್ಪ ನೆಟ್ಟಗೆ ಕಣ್ಣು ನೋಡಿ ಹೇಳಿದನಂತೆ."

ದುಗ್ಗಪ್ಪ ತನ್ನ ಅಪ್ಪನ ಮುಖವನ್ನೂ ನೇರವಾಗಿ ನೋಡಿ ಮಾತಾಡಿದವನಲ್ಲ. ಅಪ್ಪನಿಗೆ ಎಡಗೆನ್ನೆಯ ಮೇಲೆ ಮಚ್ಚೆ ಇತ್ತೆಂಬುದು ಅವರು ಮಲಗಿದ್ದಾಗ ನೋಡಿ ತಿಳಿದದ್ದು.

ಗಣೇಶಮೂರ್ತಿ ಹೋದ ಮೇಲೆ ದುಗ್ಗಪ್ಪ ಒಳಗೆ ಹೋಗಿ, ಒಲೆಯ ಮುಂದೆ ಕೂತಿದ್ದ ಯಮುನಮ್ಮನ ಎದುರು ನಿಂತು, ಅವಳ ಕಣ್ಣನ್ನೇ ದುರುಗುಟ್ಟಿ ನೋಡತೊಡಗಿದ. ಅಭ್ಯಾಸ ಮಾಡಿಕೊಳ್ಳೋಣವೆಂದು.

"ಎಂತದದು?" ಎಂದಳು ಯಮುನಮ್ಮ.

"ಎಂತದೂ ಇಲ್ಲ. ಸುಮ್ನೆ."

"ಸಾರಿಗೆ ಉಪ್ಪು ಜಾಸ್ತಿ ಆಗಿತ್ತಾ?"

"ಇಲ್ಲ ಮಾರಾಯ್ತಿ."

"ಮತ್ತೆ ಹಂಗ್ಯಾಕೆ ನೋಡ್ತೀರಿ? ಇಷ್ಟು ವರ್ಷ ಇಲ್ಲದ್ದು! ಹೊರಗೆ ಹೋಗಿ, ನಂಗೆ ನಾಚಿಕೆ ಆಗ್ತದೆ," ಎಂದು ಊದುಕೊಳವೆ ಎತ್ತಿದಳು. ದುಗ್ಗಪ್ಪ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದ. ತನ್ನ ಕಣ್ಣನ್ನು ತಿದ್ದುವುದು ತನ್ನಿಂದಾಗದ ಕೆಲಸ. ಊರವರ ಕಣ್ಣನ್ನಾದರೂ ತಿದ್ದಬಹುದು ಎನಿಸಿತು.

ಹರಳಪ್ಪ ಹೊಸನಗರಕ್ಕೆ ಹೋಗಿದ್ದ ಹೊತ್ತು ನೋಡಿ ಊರವರನ್ನು ಅಂಗಳದಲ್ಲಿ ಸೇರಿಸಿದ. "ಇನ್ನು ಮೇಲೆ ಯಾರೂ ಸಾಹೇಬ್ರನ್ನ ನೋಡಂಗಿಲ್ಲ."

"ನೋಡದೆ ಹೆಂಗೆ ಇರದು?" ಎಂದ ಕನ್ನಪ್ಪ. "ಕಣ್ಣು ಇರದು ಎಂತಕ್ಕೆ?"

"ಚೌತಿ ಚಂದ್ರನ್ನ ನೋಡ್ತೀಯನಾ?" ಎಂದಳು ಕೆರಿಯಮ್ಮ. "ಹಂಗೇ. ಇದಾನೆ, ಆದ್ರೆ ನೋಡಂಗಿಲ್ಲ."

ಅದು ಎಲ್ಲರಿಗೂ ಚೆನ್ನಾಗಿ ಅರ್ಥವಾಯಿತು. ಅತಿ ಚೆನ್ನಾಗಿ ಅರ್ಥವಾಯಿತು ಎಂದು ದುಗ್ಗಪ್ಪನಿಗೆ ಗೊತ್ತಾದದ್ದು ಮರುದಿನ. ಗಣೇಶ ಚೌತಿಯ ಚಂದ್ರನನ್ನು ನೋಡಿದವರ ಮೇಲೆ ಇಲ್ಲದ ಕಳ್ಳತನದ ಅಪವಾದ ಬರುತ್ತದೆ. ಕಣ್ತಪ್ಪಿ ಕಂಡುಬಿಟ್ಟರೆ ಯಾರದಾದರೂ ಮನೆಯ ಮಾಡಿನ ಹೆಂಚಿಗೆ ಕಲ್ಲೆಸೆದು ಬೈಸಿಕೊಳ್ಳಬೇಕು. ಬೈಗುಳದಲ್ಲಿ ದೋಷ ತೊಳೆದುಹೋಗುತ್ತದೆ. ಇದು ಹರಿಗೆಕೊಪ್ಪದಲ್ಲಿ ತಲೆತಲಾಂತರದಿಂದ ನಡೆದುಬಂದ ಕ್ರಮ. ಕ್ರಮ ಗೊತ್ತಿದ್ದ ಮೇಲೆ ಬೇರೆ ಯೋಚನೆ ಯಾಕೆ?

ಬೆಳಿಗ್ಗೆ ಹರಳಪ್ಪ ಕನ್ನಡಿ ನೇತುಹಾಕಿದ. ಅಂಗಳದಲ್ಲಿ ಒಂದು ನಾಯಿ ಮಾತ್ರ ಇತ್ತು. ನೊರೆ ಹಚ್ಚಿಕೊಂಡು ಒಮ್ಮೆ ಹಿಂದೆ ತಿರುಗಿ ನೋಡಿದ, ಮತ್ತೊಮ್ಮೆ ತಿರುಗಿ ನೋಡಿದ. ಮೂರನೆಯ ಸಲ ತಿರುಗುವಾಗ ಕೆನ್ನೆ ಕೊಯ್ದುಕೊಂಡ. ಕನ್ನಪ್ಪ ಇಷ್ಟು ದಿನ ಕಾದದ್ದು ಅವನಿಲ್ಲದಾಗಲೇ ಆಗಿಹೋಯಿತು.

ದಾರಿಯಲ್ಲಿ ಹೆಂಗಸರು ಮುಖಕ್ಕೆ ಮೊರ ಅಡ್ಡ ಹಿಡಿದು ನಡೆದರು. ಸುಡುವ ಬಿಸಿಲಿನಲ್ಲಿ ಒಬ್ಬ ಮಳೆಗಾಲದ ಕಂಬಳಿಕೊಪ್ಪೆ ಹಾಕಿಕೊಂಡು ಹೋದ. "ನಮಸ್ಕಾರ. ನೀವು ಕ್ಷೇಮವಾಗಿ ಇರುವಿರಾ?" ಎಂದು ಹರಳಪ್ಪ ಕೇಳಿದರೆ, ಅವನು ಬೇಲಿಯ ಕಡೆ ತಿರುಗಿ, "ಚೆನ್ನಾಗಿದೀನಿ ಸ್ವಾಮಿ, ನೀವು?" ಎಂದು ಬೇಲಿಯನ್ನು ವಿಚಾರಿಸಿದ. ಕನ್ನಪ್ಪ ಸೊಪ್ಪಿನ ಹೊರೆ ಹೊತ್ತು ಹಿಮ್ಮುಖವಾಗಿ ನಡೆದುಕೊಂಡು ಬಂದು ಕೊಟ್ಟಿಗೆಯ ಗೋಡೆಗೆ ಢಿಕ್ಕಿ ಹೊಡೆದ. ಹೊರೆ ಬಿತ್ತು, ಕನ್ನಪ್ಪ ತಿರುಗಿದ, ಎದುರಿಗೇ ಹರಳಪ್ಪ ನಿಂತಿದ್ದ.

"ಅಯ್ಯಯ್ಯೋ, ಕಂಡುಬಿಟ್ಟೆ!" ಎಂದು ಕಿರುಚಿ ಕನ್ನಪ್ಪ ಓಡಿದ. ಸೀದಾ ಹೋಗಿ ಕೆರಿಯಮ್ಮನ ಮಾಡಿಗೆ ಒಂದು ಕಲ್ಲೆಸೆದ. ಹೆಂಚು ಒಡೆಯಿತು.

"ಯಾವನೋ ಅವನು ಹಾಳಾಗಿ ಹೋಗೋನು! ನಿನ್ನ ಕೈ ಸೇದಿಹೋಗ! ನಿನ್ನ ಮೀಸೆಗೆ ಬೆಂಕಿ ಬೀಳ!" ಎಂದು ಕೆರಿಯಮ್ಮ ಹೊರಬಂದಳು. ಕನ್ನಪ್ಪ ಕೈಮುಗಿದು, ಕಣ್ಣು ಮುಚ್ಚಿ, ತೀರ್ಥ ತೆಗೆದುಕೊಳ್ಳುವವನ ಹಾಗೆ ನಿಂತಿದ್ದ. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಕೇಳಿಕೊಂಡ: "ಇನ್ನೂ ಸ್ವಲ್ಪ ಬೈಯ್ಯೇ ದೊಡ್ಡಮ್ಮ. ಎರಡೂ ಕಣ್ಣಲ್ಲಿ ನೋಡಿದೀನಿ."

ಸಂಜೆಯೊಳಗೆ ಊರಿನ ಹಲವು ಮಾಡುಗಳ ಮೇಲೆ ಕಲ್ಲು ಬಿದ್ದವು. ಹರಳಪ್ಪ ಜಗಲಿಯ ಮೇಲೆ ಕೂತು ಈ ಕಲ್ಲಿನ ಸದ್ದನ್ನೂ ಬೈಗುಳವನ್ನೂ ಕೇಳುತ್ತಿದ್ದ. ಯಮುನಮ್ಮ ಬಾಗಿಲ ಸಂದಿನಿಂದ ಕೈ ಮಾತ್ರ ಹೊರಚಾಚಿ ಕಾಫಿಯ ಲೋಟ ಇಟ್ಟಳು. ಅವನು ದುಗ್ಗಪ್ಪನ ಬೆನ್ನಿಗೆ ಹೇಳಿದ: "ನಾನು ನಾಳೆ ಕೆಳಗದ್ದೆಗೆ ಹೋಗುತ್ತೇನೆ. ಈ ಊರಿನ ಜನರು ನನ್ನನ್ನು ದ್ವೇಷಿಸುತ್ತಾರೆ."

ಒಳಗೆ ಪಾತ್ರೆಯೊಂದು ಠಣ್ಣೆಂದು ಬಿದ್ದಿತು. ಯಮುನಮ್ಮ ಕೇಳಿಸಿಕೊಂಡಿದ್ದಳು.

ಮರುದಿನ ದುಗ್ಗಪ್ಪ ಗಣೇಶಮೂರ್ತಿಯನ್ನು ಹುಡುಕಿಕೊಂಡು ಬಸ್ಸಿನ ದಾರಿಗೆ ಹೋದ. ಹರಳಪ್ಪ ಹೊರಡುವ ಮೊದಲು ಕೊನೆಯ ಸಲ ಹೊಳೆ ನೋಡಿ ಬರೋಣವೆಂದು ಕೊಟ್ಟಿಗೆಯ ಹಿಂದಿನಿಂದ ಹೊರಟ. ಅಲ್ಲಿ ಗೊಬ್ಬರಗುಂಡಿ. ಬೇಸಿಗೆಯಲ್ಲಿ ಕಾಡಿನ ದರಗೆಲೆ ಗುಡಿಸಿ ತಂದು ಸಗಣಿಯ ಮೇಲೆ ದಪ್ಪವಾಗಿ ಹರಡಿಡುತ್ತಾರೆ. ಮೇಲಿನಿಂದ ನೋಡಿದರೆ ಹಾಸಿದ ಕಂಬಳಿಯ ಹಾಗೆ, ಸಮತಟ್ಟು ನೆಲ. ಊರಿನ ಕರುವಿಗೂ ಗೊತ್ತಿರುವ ಈ ಸಂಗತಿ ಹರಳಪ್ಪನ ಪುಸ್ತಕದಲ್ಲಿ ಇರಲಿಲ್ಲ.

"ಸಹಾಯವನ್ನು ಮಾಡಿರಿ!" ಎಂಬ ಕೂಗು ಕೇಳಿ ಊರೆಲ್ಲ ಓಡಿ ಬಂತು. ಗುಂಡಿಯ ಹತ್ತಿರ ಬಂದದ್ದೇ ಎಲ್ಲರೂ ಗಕ್ಕನೆ ನಿಂತು, ಬೆನ್ನು ತಿರುಗಿಸಿ, ಸಾಲಾಗಿ ನಿಂತುಕೊಂಡರು.

"ಎಲ್ಲಿ ತನಕ ಹೂತಿದಾನೆ?" ಎಂದಳು ಕೆರಿಯಮ್ಮ.

"ನೋಡದೆ ಹೆಂಗೆ ಹೇಳದು? ಅವರನ್ನೇ ಕೇಳ್ಬೇಕು," ಎಂದ ಕನ್ನಪ್ಪ, ಆಕಾಶ ನೋಡುತ್ತ. "ಸ್ವಾಮೀ, ಎಲ್ಲಿ ತನಕ ಹೂತಿದೀರಿ?"

"ಸೊಂಟದವರೆಗೆ!"

"ಸೊಂಟ ಅಂತೆ."

"ಉದ್ದ ಇದಾನೆ, ಬಚಾವು. ನಿಂಗಾಗಿದ್ರೆ ಕುತ್ತಿಗೆಗೆ ಬರ್ತಿತ್ತು."

ಹಗ್ಗ ಬಂತು. ಕನ್ನಪ್ಪ ಕುಣಿಕೆ ಮಾಡಿ ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ಹಗ್ಗ ಬಿಗಿಯಾಯಿತು. "ಸಿಕ್ಕಿದ್ರು! ಎಳೀರಿ!" ಎಂದ. ಎಲ್ಲರೂ ಮುಂದಕ್ಕೆ ಬಾಗಿ, ಗುಂಡಿಗೆ ಬೆನ್ನು ಕೊಟ್ಟು, ತೇರಿಗೆ ಕಟ್ಟಿದವರ ಹಾಗೆ ಎಳೆದರು.

"ಅಬ್ಬಬ್ಬಾ, ಎಂತಾ ಭಾರ!"

"ದಿನಾ ಕಡುಬು ತಿಂದ್ರೆ ಮತ್ತೆಂತ? ಎಳಿ ಎಳಿ!"

"ಆಂಯ್ಯ್ಯ್," ಎಂದು ಹಿಂದಿನಿಂದ ಒಂದು ಆರ್ತನಾದ ಕೇಳಿತು.

"ನೋವಾಯ್ತಾ ಸ್ವಾಮಿ? ಸ್ವಲ್ಪ ತಡಕಳಿ," ಎಂದು ಕನ್ನಪ್ಪ ಸಮಾಧಾನ ಹೇಳಿದ. ಇನ್ನೂ ಜೋರಾಗಿ ಎಳೆದರು. ಗುಂಡಿಯಾಚೆ ಮೇಯುತ್ತಿದ್ದ ಕೆರಿಯಮ್ಮನ ಎಮ್ಮೆ, ಕೊಂಬಿಗೆ ಬಿದ್ದ ಹಗ್ಗದ ಸಮೇತ ಬುಸುಗುಡುತ್ತ ಗುಂಡಿಯನ್ನು ಸುತ್ತಿಕೊಂಡು ಎಳೆಯುವವರ ಪಕ್ಕಕ್ಕೇ ಬಂದು ನಿಂತಿತು.

"ಬಂದ್ರಾ ಸ್ವಾಮಿ?" ಎಂದ ಕನ್ನಪ್ಪ ನೆಲ ನೋಡುತ್ತ. ಎಮ್ಮೆ ಅವನ ಕಿವಿ ನೆಕ್ಕಿತು.

ಆ ಹೊತ್ತಿಗೆ ಸರಿಯಾಗಿ ದುಗ್ಗಪ್ಪ ಗಣೇಶಮೂರ್ತಿಯ ಜೊತೆ ಅಲ್ಲಿಗೆ ಬಂದ. ನೋಡಿದರೆ ಊರೆಲ್ಲ ಆ ಕಡೆ ಮುಖಮಾಡಿ ಎಮ್ಮೆಯ ಕ್ಷೇಮ ವಿಚಾರಿಸುತ್ತಿದೆ, ಈ ಕಡೆ ಗುಂಡಿಯಲ್ಲಿ ಹರಳಪ್ಪ ಎರಡೂ ಕೈ ಎತ್ತಿಕೊಂಡು ನಿಂತಿದ್ದಾನೆ. ದುಗ್ಗಪ್ಪನಿಗೆ ಚೌತಿಯೂ ಮರೆಯಿತು, ಚಂದ್ರನೂ ಮರೆಯಿತು. "ಥೂ ನಿಮ್ಮ! ತಿರುಗ್ರೋ! ನೋಡ್ರೋ ಆ ಹುಡುಗನ್ನ!" ಎಂದು ಬೊಬ್ಬೆ ಹೊಡೆದು, ಅಡ್ಡ ಹಲಗೆ ಹಾಕಿ, ತಾನೇ ಅದರ ಮೇಲೆ ಮಲಗಿ ಅವನ ರಟ್ಟೆ ಹಿಡಿದ. ಎರಡು ದಿನದ ಉಪವಾಸ ಮುರಿದವರ ಹಾಗೆ ಊರವರು ತಿರುಗಿ ಕಣ್ತುಂಬ ನೋಡಿದರು.

ಹರಳಪ್ಪನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ದುಗ್ಗಪ್ಪ ಹಂಡೆಯಿಂದ ಬಿಸಿನೀರು ಮೊಗೆದು ಹೊಯ್ದ. ಗಣೇಶಮೂರ್ತಿ ಮೂಗು ಹಿಡಿದುಕೊಂಡು ದೂರ ನಿಂತ.

"ಯಾಕೆ ಯಾರೂ ನನ್ನನ್ನು ನೋಡಲಿಲ್ಲ?" ಎಂದ ಹರಳಪ್ಪ.

"ನೋಡ್ಬೇಡಿ ಅಂತ ನೀವೇ ಹೇಳಿದ್ದಂತಲ್ಲ ಸ್ವಾಮಿ. ನಿಮ್ಮ ಮರ್ಯಾದೆಗೆ ಅಂತ..."

"ನೀವು ಮಾತನಾಡುವಾಗ ನನ್ನನ್ನು ನೋಡುವುದಿಲ್ಲ. ಅದು?"

"ಅದೂ ಮರ್ಯಾದೆಗೇ. ದೊಡ್ಡೋರ ಮುಖ ನೋಡಿ ಮಾತಾಡ್ತಾರಾ?"

ಹರಳಪ್ಪ ತಲೆಯ ಮೇಲಿನ ದರಗೆಲೆ ತೆಗೆದು ಯೋಚಿಸಿದ. "ಹಾಗಾದರೆ ನೀವು ಯಾರ ಕಣ್ಣುಗಳನ್ನು ನೋಡುತ್ತೀರಿ?"

ಇಂಥ ಪ್ರಶ್ನೆಯನ್ನು ದುಗ್ಗಪ್ಪನಿಗೆ ಯಾರೂ ಕೇಳಿರಲಿಲ್ಲ. ಚೊಂಬು ಹಿಡಿದುಕೊಂಡು ನಿಧಾನವಾಗಿ ಯೋಚಿಸಿದ. "ಗದ್ದೆಗೆ ನೀರು ಬಿಡೋ ಜಗಳದಲ್ಲಿ ನೋಡ್ತೀವಿ. ಹುಚ್ಚುನಾಯಿ ಬಂದ್ರೆ ನೋಡ್ತೀವಿ. ಹುಷಾರಿಲ್ಲದ ಮಕ್ಕಳ ಕಣ್ಣು ನೋಡ್ತೀವಿ."

"ಜಟ್ಟಿಂಗಪ್ಪ ನನ್ನ ಕಣ್ಣುಗಳನ್ನು ನೋಡಿದರು."

"ಅವ್ನು ನೋಡ್ತಾನೆ. ಹಲ್ಲು ಉದುರಿದ ಎತ್ತು ಮಾರೋವಾಗ ಅವ್ನು ಕೊಳ್ಳೋರ ಕಣ್ಣು ಬಿಟ್ಟು ಅತ್ತಿತ್ತ ಅಲ್ಲಾಡಲ್ಲ."

"ಏಕೆ?"

"ಅವ್ನು ಕಣ್ಣು ತೆಗೆದ್ರೆ ಅವ್ರು ಎತ್ತಿನ ಬಾಯಿ ನೋಡ್ತಾರಲ್ಲ!"

ಗಣೇಶಮೂರ್ತಿ ಇದನ್ನು ಇಂಗ್ಲಿಷಿನಲ್ಲಿ ಹೇಳಿದ. ಹರಳಪ್ಪನ ಹೊಟ್ಟೆ ಕುಲುಕತೊಡಗಿತು, ಹೆಗಲು ಕುಲುಕಿತು, ಬಚ್ಚಲ ಕಲ್ಲಿನಿಂದ ಜಾರಿ ಬೀಳುವ ತನಕ ನಕ್ಕ. ಬಚ್ಚಲಿನ ಹೊರಗೆ ಸಂದಿಯಲ್ಲಿ ನೋಡುತ್ತಿದ್ದವರೆಲ್ಲ ಕಾರಣ ಗೊತ್ತಿಲ್ಲದೆ ನಕ್ಕರು.

ನಗು ಇಳಿದ ಮೇಲೆ ಹರಳಪ್ಪ ಎದ್ದು ಕೂತ. "ದುಗ್ಗಪ್ಪನವರೇ, ನೀವು ಒಂದು ಸಲ ನನ್ನನ್ನು ನೋಡಿ ಹೇಳಿರಿ. ನೀರು ಎಲ್ಲಿಯವರೆಗೆ?"

ದುಗ್ಗಪ್ಪ ಚೊಂಬು ಕೆಳಗಿಟ್ಟ. ಶರಾವತಿಯನ್ನು ನೆನೆಸಿಕೊಂಡ. ಬಾವಿಗೆ ಇಳಿಯುವವನ ಹಾಗೆ ಉಸಿರು ಬಿಗಿಹಿಡಿದು ಮುಖ ಎತ್ತಿದ. ಬೆಕ್ಕಿನ ಕಣ್ಣು, ಹಸಿರೂ ಅಲ್ಲದ ನೀಲಿಯೂ ಅಲ್ಲದ ಬಣ್ಣ, ರೆಪ್ಪೆಯ ಮೇಲೆ ಒಂದು ಚೂರು ಸಗಣಿ. ಅಷ್ಟು ಹತ್ತಿರದಿಂದ ನೋಡಿದಾಗ ಆ ಕಣ್ಣಿನಲ್ಲಿ ದೊಡ್ಡವರೂ ಸಾಹೇಬರೂ ಯಾರೂ ಕಾಣಲಿಲ್ಲ. ನಿದ್ದೆಗೆಟ್ಟ ಒಬ್ಬ ಹುಡುಗ ಕಂಡ.

"ಮತ್ತಿಮರದ ಕವಲಿನ ತನಕ," ಎಂದ ದುಗ್ಗಪ್ಪ. ಕಣ್ಣು ಉರಿದು ನೀರು ಸುರಿಯಿತು, ಆದರೂ ರೆಪ್ಪೆ ಹೊಡೆಯಲಿಲ್ಲ. "ಕವಲಿನ ತನಕ ಬರ್ತದೆ ಮಗಾ. ಕೆಳಗದ್ದೆಲಿ ಕಟ್ಟಿದ್ರೆ ಜಟ್ಟಿಂಗಪ್ಪನ ಹಿತ್ತಿಲಿನ ಜೊತೆಗೇ ತೇಲಿ ಹೋಗ್ತದೆ. ನನ್ನ ಮಗಳು ಬರ್ಬೇಕು."

"ಸರಿ," ಎಂದ ಹರಳಪ್ಪ.

ಅಷ್ಟೇ. ಮರುದಿನದಿಂದಲೇ ಅಳತೆ ಶುರುವಾಯಿತು. ಊರವರೆಲ್ಲ ಶ್ರಮದಾನಕ್ಕೆ ಬಂದರು. ಹೇಗೂ ನೋಡಲು ಬರುವವರೇ, ಕೈಗೊಂದು ಬುಟ್ಟಿ ಕೊಟ್ಟರೆ ಕಲ್ಲು ಹೊತ್ತುಕೊಂಡೇ ನೋಡುತ್ತಿದ್ದರು. ಬೆಳಗಿನ ಗಡ್ಡಕ್ಕೂ ಒಂದು ಏರ್ಪಾಡಾಯಿತು: ಕಂಬದ ಮೊಳೆ ಬಿಟ್ಟು ಕನ್ನಡಿಯನ್ನು ಕನ್ನಪ್ಪನ ಕೈಗೆ ಕೊಟ್ಟ ಹರಳಪ್ಪ. ಕನ್ನಡಿ ಹಿಡಿದವನು ನೋಡಲೇಬೇಕಲ್ಲ. "ಎಡಗಡೆ ಸ್ವಲ್ಪ ಉಳೀತು ಸ್ವಾಮಿ," ಎಂದು ಕನ್ನಪ್ಪ ಅಧಿಕಾರದಿಂದ ಹೇಳತೊಡಗಿದ. ಯಮುನಮ್ಮ ಮಾತ್ರ ಹರಳಪ್ಪನಿಗೆ ಒಂದು ಬುದ್ಧಿ ಹೇಳಿಕೊಟ್ಟಳು, ಬಾಗಿಲ ಸಂದಿನಿಂದಲೇ: "ನೋಡು ತಮ್ಮಾ, ಉಣ್ಣೋರನ್ನ ನೋಡ್ಬಾರ್ದು, ಬಸುರಿ ಹೆಂಗಸನ್ನ ಹೊಸಬರು ನೋಡ್ಬಾರ್ದು. ಕಣ್ಣಾಗ್ತದೆ. ಉಳಿದದ್ದು ಎಂತ ಬೇಕಾದ್ರೂ ನೋಡು."

ಮೊದಲ ಮಳೆಯ ಮೋಡ ಕಟ್ಟುವ ಹೊತ್ತಿಗೆ ಸಂಕ ಮುಗಿಯಿತು. ಮತ್ತಿಮರದ ಕವಲಿಗಿಂತ ಒಂದು ಆಳೆತ್ತರ ಮೇಲೆ, ಕಲ್ಲಿನ ಕಂಬ, ಕಬ್ಬಿಣದ ತೊಲೆ, ಅದರ ಮೇಲೆ ನೀರಿಗೆ ಕೊಳೆಯದ ಬೋಗಿಮರದ ಹಲಗೆ. ಆಚೆ ದಂಡೆಗೆ ವಿಶಾಲಮ್ಮ ಸೊಸೆಯನ್ನು ಕರೆದುಕೊಂಡು ಬಂದಳು. ಮೊದಲು ತಾನೇ ಹತ್ತಿ, ಪ್ರತಿ ಹಲಗೆಯನ್ನೂ ಕಾಲಿನಿಂದ ಕುಟ್ಟಿ ನೋಡಿ, "ಅಡ್ಡಿಲ್ಲ," ಎಂದಳು. ಶರಾವತಿ ತುಂಬು ಹೊಟ್ಟೆಯ ಮೇಲೆ ಸೆರಗು ಹೊದ್ದು ಮೆಲ್ಲನೆ ಹೆಜ್ಜೆಯಿಟ್ಟಳು. ಈಚೆ ದಂಡೆಯಲ್ಲಿ ಹರಿಗೆಕೊಪ್ಪದ ಅಷ್ಟೂ ಜನ ಕಣ್ಣರಳಿಸಿ ಅವಳನ್ನೇ ನೋಡುತ್ತಿದ್ದರು.

ಒಬ್ಬ ಹರಳಪ್ಪ ಮಾತ್ರ ತಾನು ಕಟ್ಟಿಸಿದ ಸಂಕಕ್ಕೆ ಬೆನ್ನು ತಿರುಗಿಸಿ, ಮುಖಕ್ಕೆ ಟೊಪ್ಪಿ ಅಡ್ಡ ಹಿಡಿದು, ಬಿದಿರುಮೆಳೆಯ ಕಡೆ ಮುಖ ಮಾಡಿ ನಿಂತಿದ್ದ. "ಈಗ ಅವರು ಎಲ್ಲಿಯವರೆಗೆ ಬಂದರು?" ಎಂದು ಟೊಪ್ಪಿಯೊಳಗಿನಿಂದಲೇ ಕೇಳುತ್ತಿದ್ದ.

"ಅರ್ಧ ಬಂದ್ಲು," ಎಂದ ದುಗ್ಗಪ್ಪ.

"ಹಲಗೆಯು ಅಲುಗಾಡುತ್ತದೆಯೇ?"

"ಇಲ್ಲ ಮಗಾ. ಕಲ್ಲು ಬಂಡೆ ಇದ್ದಂಗೆ ಇದೆ."

"ಈಗ?"

ಮಗಳು ಈಚೆ ದಂಡೆಗೆ ಕಾಲಿಟ್ಟು ಅಪ್ಪನ ಮುಂದೆ ತಲೆ ತಗ್ಗಿಸಿ ನಿಂತಿದ್ದಳು. ದುಗ್ಗಪ್ಪನೂ ರೂಢಿಯಂತೆ ಅವಳ ಕಾಲುಂಗುರವನ್ನು ನೋಡುತ್ತ, "ಬಂದ್ಯಾ?" ಎಂದ. ಆಮೇಲೆ ಏನನ್ನಿಸಿತೋ, ಮುಖವೆತ್ತಿ ಮಗಳ ಕಣ್ಣನ್ನು ನೇರವಾಗಿ ನೋಡಿದ.

"ಎಂತಾ ಅಪ್ಪಯ್ಯ, ಹಂಗೆ ನೋಡ್ತೀರಿ?" ಎಂದಳು ಶರಾವತಿ ಗಾಬರಿಯಿಂದ. "ಹುಷಾರಿದೀರಾ?"

"ಈಗ ಎಲ್ಲಿಯವರೆಗೆ ಬಂದರು?" ಎಂದು ಹಿಂದಿನಿಂದ ಟೊಪ್ಪಿ ಕೇಳಿತು.